ಗಾಳಿಕಲ್ಲು ಹತ್ತಿದ ಕಂಬಳಿ

ನಾನು ಒಂದು ಕಂಬಳಿ. ಅಪ್ಪಟ ಕರಿ ಕಂಬಳಿ. ಕಂಬಳಿಹುಳಕ್ಕೂ ನನಗೂ ಇರುವುದು ಹೆಸರಿನ ನೆಂಟಸ್ತನವಷ್ಟೇ. ಅದು ಮುಂದೊಂದು ದಿನ ಚಿಟ್ಟೆಯಾಗಿ ಹಾರುತ್ತದಂತೆ. ನಾನು ಹಾರಲಿಲ್ಲ, ಹತ್ತಿದೆ. ಒಟ್ಟು ಹದಿನೇಳು ಬೆಟ್ಟ. ಇದೇನು ಇಷ್ಟು ಜಂಬ ಅನ್ನಬೇಡಿ. ಉಬ್ಬುವುದು ಉಣ್ಣೆಯ ಸ್ವಭಾವ. ನನ್ನ ಕಥೆಯನ್ನು ಎಳೆ ಎಳೆಯಾಗಿ ಬಿಚ್ಚಿ ಹೇಳುತ್ತೇನೆ. ಮಾತಿಗೆ ಹೇಳಿದೆ, ಯಾರೂ ನಿಜವಾಗಿ ಎಳೆ ಎಳೆಯಬೇಡಿ. ವಯಸ್ಸಾಗಿದೆ.

ಚಳ್ಳಕೆರೆಯ ಹತ್ತಿರದ ಒಂದು ಹಟ್ಟಿಯಲ್ಲಿ ಹುಟ್ಟಿದೆ. ನಿಮಗೆಲ್ಲ ತಾಯಿ ಒಬ್ಬಳೇ. ನನಗೆ ಹದಿನಾಲ್ಕು ಕುರಿಗಳು. ಅವುಗಳ ಉಣ್ಣೆಯನ್ನು ಹಿಂಜಿ, ರಾಟೆಗೆ ಹಾಕಿ, ಮೈಲಮ್ಮ ಎಂಬಾಕೆ ನೂತಳು. ಅವಳ ಗಂಡ ಸಿರಿಯಪ್ಪ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತು ಮಗ್ಗದಲ್ಲಿ ನೇಯ್ದ. ಮಗ್ಗ ಟಕ್ಕ ಟಕ್ಕ ಅನ್ನುತ್ತಿತ್ತು. ಅವನು ತಕ್ಕ ತಕ್ಕ ಎಂದು ತಲೆಯಾಡಿಸುತ್ತಿದ್ದ. ಆಮೇಲೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕಿದರು. ಆ ವಯಸ್ಸಿನಲ್ಲಿ ನಾನು ಯಾರ ಆಸರೆಯೂ ಇಲ್ಲದೆ ಬಾಗಿಲಿನ ಹಾಗೆ ನೆಟ್ಟಗೆ ನಿಲ್ಲುತ್ತಿದ್ದೆ.

ನಮ್ಮಂಥವರನ್ನು ಎರಡು ಪಟ್ಟೆಯಾಗಿ ನೇಯ್ದು ನಡುವೆ ಹೊಲಿಗೆ ಹಾಕಿ ಜೋಡಿಸುತ್ತಾರೆ. ಎಲ್ಲರ ಮನೆಯಲ್ಲೂ ಒಂದು ಸಾಲು ಹೊಲಿಗೆ. ಮೈಲಮ್ಮ ಒಂದು ಸಾಲು ಮುಗಿಸಿ, ಸೂಜಿಗೆ ಮತ್ತೆ ದಾರ ಪೋಣಿಸಿದಳು.

"ಮತ್ತೊಂದು ಸಾಲಾ? ಏನು ಎಮ್ಮೆ ಕಟ್ಟಿ ಹೊರ್ತಾರೇನೇ ಇದ್ರಾಗೆ?" ಎಂದು ಸಿರಿಯಪ್ಪ ನಕ್ಕ.

"ಹೊತ್ರೂ ಹೊರ್ಲಿ. ನಿನ್ನ ನೇಯ್ಗೆ ಬಿಟ್ಕಂಡ್ರೂ ನನ್ನ ಹೊಲಿಗೆ ಬಿಡಂಗಿಲ್ಲ."

"ಏ, ನನ್ನ ನೇಯ್ಗೆಗೆ ಏನಾಗೈತೆ?"

"ಏನೂ ಆಗಿಲ್ಲ. ಸುಮ್ನೆ ತಂಬಿಟ್ಟು ತಿನ್ನು."

ಗಂಡ ಹೆಂಡಿರ ಈ ಜಗಳವೇ ನನ್ನ ಜಾತಕ. ಆಗ ನನಗೆ ಅದು ಗೊತ್ತಿರಲಿಲ್ಲ.

ನನ್ನನ್ನು ಕೊಂಡವರು ಚಿತ್ರದುರ್ಗದ ಹೈಸ್ಕೂಲಿನ ಡ್ರಿಲ್ ಮಾಸ್ತರು ಜಯದೇವಪ್ಪ. ಹಟ್ಟಿಗೇ ಬಂದು, ಮೂಗಿಗೆ ಹಿಡಿದು ಮೂಸಿ, "ಕುರಿ ಇನ್ನೂ ಇಲ್ಲೇ ಐತಲ್ಲಮ್ಮ!" ಎಂದು ಕೊಂಡಾಡಿ ಕೊಂಡರು. ರಜೆ ಬಂದರೆ ಅವರಿಗೆ ಬೆಟ್ಟದ ಹುಚ್ಚು. ನನ್ನ ಒಂದು ಮೂಲೆ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಮಳೆಗೆ ಛತ್ರಿ, ಬಿಸಿಲಿಗೆ ಚಪ್ಪರ, ಕೂತರೆ ಜಮಖಾನೆ. ಚಪ್ಪಲಿ ಕಾಲಲ್ಲಿ ಯಾರಾದರೂ ನನ್ನನ್ನು ತುಳಿದರೆ ಮಾತ್ರ ಅವರ ಡ್ರಿಲ್ ದನಿ ಎದ್ದುಬರುತ್ತಿತ್ತು: "ಅಟೆನ್ಶನ್! ಕಂಬಳಿ ಗದ್ದುಗೆ ಕಣಯ್ಯ ಅದು, ಕಾಲೊರಸೋದಲ್ಲ!" ಅವರ ಹೆಗಲ ಮೇಲೆ ಒಂಬತ್ತು ಬೆಟ್ಟ ಕಂಡೆ. ಗಂಜಿಯ ಬಿಗುಮಾನ ಹೋಗಿ ಮೈ ಮೆತ್ತಗಾಯಿತು.

ಮಾಸ್ತರಿಗೆ ಮೊಣಕಾಲು ಹಿಡಿದುಕೊಂಡಾಗ ನನಗೆ ದೊಡ್ಡ ಗಂಡಾಂತರ ಬಂತು. ಮನೆಯಲ್ಲಿ ಇಸ್ತ್ರಿ ಮೇಜಿಗೆ ಹಾಸಲು ಒಂದು ದಪ್ಪ ಬಟ್ಟೆ ಬೇಕಾಗಿತ್ತು. ಎಷ್ಟು ಜನ ಕಂಬಳಿಗಳು ಹೀಗೆ ಬೆನ್ನ ಮೇಲೆ ಕಾದ ಕಬ್ಬಿಣ ಎಳೆಸಿಕೊಂಡು ಜೀವನ ಮುಗಿಸಿವೆಯೋ! ನನ್ನನ್ನು ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ್ದೂ ಆಗಿತ್ತು. ಮಗಳು ಶಶಿರೇಖಾ ಬಂದು ಒಂದೇ ಸಲಕ್ಕೆ ಎಳೆದುಕೊಂಡಳು. "ಅಟೆನ್ಶನ್! ಕಂಬಳಿ ಗದ್ದುಗೆ ಕಣಯ್ಯ ಅದು!" ಎಂದಳು. ಥೇಟ್ ಅಪ್ಪನ ದನಿ. ಒಳಕೋಣೆಯಲ್ಲಿದ್ದ ಅಪ್ಪ, ತಾನು ಯಾವಾಗ ಮಾತಾಡಿದೆ ಎಂದು ಗಾಬರಿಯಾಗಿ ಈಚೆ ಬಂದರು.

ಶಶಿರೇಖಾ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ವಾರವಿಡೀ ಜನರಿಗೆ ಸೂಜಿ ಚುಚ್ಚಿ, ಭಾನುವಾರ ಅವರ ದನಿಗಳನ್ನೆಲ್ಲ ಗೆಳತಿಯರ ಮುಂದೆ ಹೊರತೆಗೆಯುತ್ತಿದ್ದಳು. ಊರಿನ ಚಾರಣ ಬಳಗಕ್ಕೆ ಸೇರಿ ಐದು ವರ್ಷವಾಗಿತ್ತು. ಅವಳಿಗೆ ಇದ್ದದ್ದು ಒಂದೇ ಆಸೆ: ಬಳಗದ ಲೀಡರ್ ಆಗುವುದು, ಲೀಡರಿನ ಸ್ಟೀಲ್ ಸೀಟಿ ಕೊರಳಿಗೆ ಹಾಕಿಕೊಳ್ಳುವುದು. ಅದುವರೆಗೆ ಆ ಸೀಟಿ ಹೆಣ್ಣು ಕೊರಳು ಕಂಡಿರಲಿಲ್ಲ. ಲೀಡರ್ ಆಗಬೇಕಾದವರು ಹಿರಿಯ ಲೀಡರಿನ ಕಣ್ಣೆದುರು ಒಂದು ಚಾರಣ ನಡೆಸಿ ತೋರಿಸಬೇಕು. ಮೊದಲ ಸಲ ಶಶಿರೇಖಾ ನಪಾಸಾಗಿದ್ದಳು. ಅವಳ ಗುಂಪಿನ ಒಬ್ಬರ ಚೀಲ ಮುನ್ನೂರು ಗ್ರಾಂ ಜಾಸ್ತಿ ತೂಗಿತ್ತು.

ಹೌದು, ಚೀಲ ತೂಗುತ್ತಿದ್ದರು. ಆ ಬಳಗದ ಪದ್ಧತಿ ಅದು. ಬೆಟ್ಟದ ಬುಡದಲ್ಲಿ ಮರದ ಕೊಂಬೆಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ನೇತುಹಾಕಿ, ಒಬ್ಬೊಬ್ಬರ ಚೀಲವನ್ನೂ ತೂಗಿ, ನಾಲ್ಕು ಕಿಲೋ ಮೀರಿದರೆ ಮೀರಿದ್ದನ್ನು ಅಲ್ಲೇ ಕೆಳಗಿಡಿಸುತ್ತಿದ್ದರು. ತೂಗುತ್ತಿದ್ದವರು ಹಿರಿಯ ಲೀಡರ್ ಪ್ರಹ್ಲಾದರಾವ್. ಸರ್ವೆ ಕೆಲಸದಿಂದ ನಿವೃತ್ತರಾದವರು. ಭೂಮಿ ಅಳೆದು ಮುಗಿದ ಮೇಲೆ ಮನುಷ್ಯರನ್ನು ಹಿಡಿದಿದ್ದರು. ಎಲ್ಲರಿಗಿಂತ ಹಗುರ ಚೀಲ ತನ್ನದಿರಬೇಕು ಎಂಬುದು ಅವರ ಹಟ. ಅದಕ್ಕಾಗಿ ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೇ ಅರ್ಧ ಕೊಯ್ದಿದ್ದರು ಎಂಬ ಸುದ್ದಿಯಿತ್ತು.

ಮರುವರ್ಷ ಅಕ್ಟೋಬರಿನಲ್ಲಿ ಶಶಿರೇಖಾಳ ಎರಡನೆಯ ಪರೀಕ್ಷೆ. ಮೂಡಿಗೆರೆ ಕಡೆಯ ಗಾಳಿಕಲ್ಲು ಗುಡ್ಡ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ದಾರಿ. ಅವಳನ್ನೂ ರಾಯರನ್ನೂ ಸೇರಿಸಿ ಹನ್ನೊಂದು ಜನ. ಜೊತೆಗೆ ದಾರಿ ತೋರಿಸಲು ಬುಡದ ಊರಿನ ಸುಬ್ಬೇಗೌಡ.

ರಾಯರ ಚೀಲ ಮೊದಲು ತೂಗಿತು. "ಒಂದು ಕಿಲೋ ಒಂಬೈನೂರು!" ಎಂದು ಅವರೇ ಘೋಷಿಸಿದರು.

"ಮಳೆ ಕೋಟು ತಂದೀರಾ ಸಾರ್?" ಸುಬ್ಬೇಗೌಡ ಕೇಳಿದ.

"ಅಕ್ಟೋಬರಲ್ಲಿ ಎಲ್ಲೀ ಮಳೇರೀ?"

"ಈ ಗುಡ್ಡಕ್ಕೆ ಕ್ಯಾಲೆಂಡರ್ ಓದೋಕ್ ಬರಲ್ಲ ಮಾರಾಯ್ರೆ."

ಶಶಿರೇಖಾಳ ಚೀಲ ಮೂರೂವರೆ ಕಿಲೋ. ನಾನು ಅದರಲ್ಲಿರಲಿಲ್ಲ, ಅವಳ ಹೆಗಲ ಮೇಲಿದ್ದೆ. ರಾಯರ ಕಣ್ಣು ನನ್ನ ಮೇಲೆ ಬಿತ್ತು.

"ಇದೇನ್ರೀ ಇದು? ಎರಡೂವರೆ ಕಿಲೋ ಕಂಬಳಿ! ಚಾರಣಕ್ಕೆ ಬಂದಿದೀರೋ ಕುರಿ ಮೇಯಿಸೋಕೋ?"

"ಹನ್ನೊಂದು ಜನ ಇದೀವಲ್ಲ ಸಾರ್, ಮಂದೆ ಸಣ್ಣದೇನಲ್ಲ," ಎಂದಳು ಶಶಿರೇಖಾ. "ಚೀಲದ ತೂಕ ನಾಲ್ಕು ಕಿಲೋ ಅಂತ ನಿಯಮ. ಉಟ್ಟ ಬಟ್ಟೆ, ಹೊದ್ದ ಬಟ್ಟೆ ತೂಗಬೇಕು ಅಂತ ಎಲ್ಲೂ ಬರೆದಿಲ್ಲ. ನಿಯಮ ಅಂದ್ರೆ ನಿಯಮ ಕಣ್ರೀ."

ಕೊನೆಯ ಮಾತು ರಾಯರು ಸದಾ ಹೇಳುವಂಥದ್ದು. ಅವರದೇ ದನಿಯಲ್ಲಿ, ಅವರ ಹಾಗೆಯೇ ಕನ್ನಡಕ ಮೂಗಿನ ತುದಿಗೆ ಸರಿಸಿ ಹೇಳಿದಳು. ಎಲ್ಲರೂ ನಕ್ಕರು. ರಾಯರು ನಗಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಹುಡುಗಿ ಈ ಸಲವೂ ನಪಾಸಾದರೆ ಅದಕ್ಕೆ ನಾನೇ ಕಾರಣ ಎಂದು ನನ್ನ ಕೂದಲೆಲ್ಲ ನೆಟ್ಟಗಾಯಿತು.

ದಾರಿಯುದ್ದಕ್ಕೂ ನೈಲಾನ್ ಜಾಕೆಟ್ಟುಗಳು ನನ್ನ ಪಕ್ಕದಲ್ಲಿ "ಸರ್ ಸರ್ ಸರ್" ಎನ್ನುತ್ತಾ ನಡೆದವು. ಯಾರನ್ನು ಸರ್ ಎನ್ನುತ್ತಿದ್ದವೋ. ಹನ್ನೆರಡು ಗಂಟೆಗೆ ಗಾಳಿಕಲ್ಲಿನ ನೆತ್ತಿ ಸಿಕ್ಕಿತು. ಆಹಾ! ಹಸಿರು ಗುಡ್ಡಗಳು ಒಂದಕ್ಕೊಂದು ಬೆನ್ನು ಒತ್ತಿಕೊಂಡು ಕುರಿಮಂದೆಯ ಹಾಗೆ ಮಲಗಿದ್ದವು. ನನಗೆ ತವರಿನ ನೆನಪಾಯಿತು. ಅದು ನನ್ನ ಹತ್ತನೆಯ ಬೆಟ್ಟ.

ಇಳಿಯುವಾಗ ಮಂಜು ಬಂತು. ಮಂಜಿನ ಬೆನ್ನಿಗೆ ಗಾಳಿ, ಗಾಳಿಯ ಬೆನ್ನಿಗೆ ಮಳೆ. ಅದೂ ಅಡ್ಡಡ್ಡ ಬೀಸುವ ಮಳೆ. ಜಾಕೆಟ್ಟುಗಳು ಮೇಲಕ್ಕೆ ಜಿಪ್ಪೆಳೆದುಕೊಂಡವು. ರಾಯರು ಮಾತ್ರ ಹತ್ತಿ ಅಂಗಿಯಲ್ಲಿ ತೊಯ್ದು, ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದರು. ಯಾರೋ ತಮ್ಮ ಜಾಕೆಟ್ ಕೊಡಲು ಹೋದರೆ, "ಅವರವರ ಸಾಮಾನು ಅವರವರಿಗೆ" ಎಂದು ದೂರ ತಳ್ಳಿದರು. ಎರಡು ಗಂಟೆಯ ಹೊತ್ತಿಗೆ ಹುಲ್ಲಿನಡಿಯ ಕಲ್ಲು ಜಾರಿ, ಕಾಲು ಮಡಚಿ ಬಿದ್ದರು. ಪಾದದ ಮೇಲ್ಗಡೆ ಕಣ್ಣೆದುರೇ ಊದಿತು.

"ಮುರಿದಿದೆ," ಎಂದಳು ಶಶಿರೇಖಾ. ಒಂದು ಛತ್ರಿಯನ್ನು ಕಾಲಿನ ಪಕ್ಕಕ್ಕಿಟ್ಟು ಬಿಗಿಯಾಗಿ ಕಟ್ಟಿದಳು. (ಆ ಛತ್ರಿಯ ಸಾಹಸವನ್ನು ಛತ್ರಿಯೇ ಬರೆದುಕೊಳ್ಳಲಿ.)

"ನಿಯಮದ ಪ್ರಕಾರ," ರಾಯರು ನಡುಗುತ್ತ ಹೇಳಿದರು, "ಇಬ್ಬರು ಕೆಳಗೆ ಹೋಗಿ ಜನ ಕರ್ಕೊಂಡು ಬರಬೇಕು. ಉಳಿದವರು ಇದ್ದಲ್ಲೇ ಇರಬೇಕು. ಗಾಯಾಳುನ ಅಲ್ಲಾಡಿಸಂಗಿಲ್ಲ."

"ಹೋಗಿ ಬರೋಕೆ ಎಷ್ಟೊತ್ತಾಗುತ್ತೆ ಗೌಡ್ರೆ?"

"ಈ ಮಳೇಲಿ ನಾಲ್ಕು ಗಂಟೆಯಾದ್ರೂ ಬೇಕಮ್ಮ."

ಶಶಿರೇಖಾ ರಾಯರ ಮುಖ ನೋಡಿದಳು. ತುಟಿ ನೀಲಿಗಟ್ಟಿತ್ತು. ಮಾತು ಕುಡಿದವರ ಹಾಗೆ ತೊದಲುತ್ತಿತ್ತು. ಕಾಲಿಗೆ ಕಾಯುವ ವ್ಯವಧಾನ ಇತ್ತು; ಮೈಯ ಬಿಸಿಗೆ ಇರಲಿಲ್ಲ. ನಾಲ್ಕು ಗಂಟೆ ಇಲ್ಲೇ ಕೂತರೆ ನಿಯಮ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

"ಹೊತ್ಕೊಂಡು ಹೋಗ್ತೀವಿ," ಎಂದಳು.

"ಹತ್ತು ಮಾರ್ಕ್ಸ್ ಕಟ್," ಎಂದರು ರಾಯರು.

"ಇಪ್ಪತ್ತು ಕಟ್ ಮಾಡ್ಕೊಳ್ಳಿ ಸಾರ್. ಆದ್ರೆ ಕೆಳಗೆ ಬಂದು ಮಾಡಿ."

ಅವಳು ನನ್ನನ್ನು ಹೆಗಲಿಂದ ತೆಗೆದು ಹುಲ್ಲಿನ ಮೇಲೆ ಹಾಸಿದಳು. ರಾಯರ ಒದ್ದೆ ಅಂಗಿ ಬಿಚ್ಚಿಸಿ, ಯಾರದೋ ಒಣ ಸ್ವೆಟರ್ ಹಾಕಿ, ನನ್ನ ನಡುವೆ ಮಲಗಿಸಿ, ಎರಡೂ ಅಂಚುಗಳನ್ನು ಮೈಮೇಲೆ ಮಡಿಸಿದಳು. ಸುಬ್ಬೇಗೌಡ ಗಾಳಿಗೆ ಮುರಿದು ಬಿದ್ದಿದ್ದ ಒಂದು ಉದ್ದನೆಯ ಕೊಂಬೆ ಎಳೆದುತಂದು ಸವರಿದ. ನನ್ನ ಎರಡು ತುದಿಗಳನ್ನು ಅದಕ್ಕೆ ಬಿಗಿದು ಗಂಟು ಹಾಕಿದರು. ಜೋಲಿ ತಯಾರಾಯಿತು. ಮುಂದೆ ಇಬ್ಬರು, ಹಿಂದೆ ಇಬ್ಬರು. ನೂರು ಹೆಜ್ಜೆಗೊಮ್ಮೆ ಹೆಗಲು ಬದಲು. ಜೀಪು ಗೊತ್ತುಮಾಡಲು ಶಶಿರೇಖಾ ಇಬ್ಬರನ್ನು ಮುಂದೆ ಕಳಿಸಿದಳು.

ಸುಳ್ಳು ಹೇಳುವುದಿಲ್ಲ, ನಾನೂ ನೆನೆದಿದ್ದೆ. ನೆನೆದರೆ ನಾನು ಎರಡರಷ್ಟು ಭಾರ. ಆದರೆ ಒದ್ದೆಯಾದರೂ ಒಳಗಿನ ಬಿಸಿಯನ್ನು ಬಿಟ್ಟುಕೊಡದ ಜಾತಿ ನಮ್ಮದು. ಹದಿನಾಲ್ಕು ತಾಯಂದಿರನ್ನೂ ನೆನೆದು ರಾಯರನ್ನು ಅಪ್ಪಿ ಹಿಡಿದೆ. ಎಪ್ಪತ್ತೆಂಟು ಕಿಲೋ! ಜೀವಮಾನವಿಡೀ ಬೇರೆಯವರ ಚೀಲ ತೂಗಿದವರು ಈಗ ನನ್ನಲ್ಲಿ ತೂಗುತ್ತಿದ್ದರು.

ಅರ್ಧ ದಾರಿಯಲ್ಲಿ ರಾಯರ ಕಣ್ಣು ಮುಚ್ಚತೊಡಗಿತು. "ನಿದ್ದೆ ಮಾಡೋಕೆ ಬಿಡಬಾರದು," ಎಂದಳು ಶಶಿರೇಖಾ. ಎಲ್ಲರೂ ಕರೆದರು, ಕೆನ್ನೆ ತಟ್ಟಿದರು, ರಾಯರು ಅಲುಗಲಿಲ್ಲ. ಆಗ ಅವಳು ಜೋಲಿಯ ಪಕ್ಕಕ್ಕೆ ಬಾಗಿ ಶುರುಮಾಡಿದಳು:

"ಏನ್ರೀ ಪ್ರಹ್ಲಾದರಾವ್! ಚಾರಣದಲ್ಲಿ ಕಣ್ಣು ಮುಚ್ಚಂಗಿಲ್ಲ! ನಿಯಮ ಅಂದ್ರೆ ನಿಯಮ ಕಣ್ರೀ! ನಿಮ್ಮ ಚೀಲ ಎಷ್ಟು? ಒಂದು ಕಿಲೋ ಒಂಬೈನೂರಾ? ಬ್ರಶ್ಶಿನ ಹಿಡಿ ಎಲ್ಲಿ? ನಪಾಸು ನೀವು!"

ಒಂದು ಕಣ್ಣು ತೆರೆಯಿತು. "ಯಾ... ಯಾರ್ರೀ ಅದು? ನಾನು ಹಂಗೆ ಮಾತಾಡಲ್ಲ!"

"ಹಂಗೇ ಮಾತಾಡೋದು ಸಾರ್," ಎಂದು ಎಂಟೂ ಜನ ಒಟ್ಟಿಗೇ ಹೇಳಿದರು.

ಅಲ್ಲಿಂದ ಊರಿನವರೆಗೆ ಅವಳು ನಿಲ್ಲಿಸಲಿಲ್ಲ. ರಾಯರಿಗೆ ಕೋಪ ಏರಿತು; ಕೋಪದ ಜೊತೆ ಕಾವೂ ಏರಿತು. ಪುಣ್ಯಾತ್ಮ ಬೈದುಕೊಂಡೇ ಎಚ್ಚರವಾಗಿದ್ದರು.

ಹಳ್ಳ ದಾಟುವಲ್ಲಿ ಕಡಿದಾದ ಬಂಡೆಯಿತ್ತು. ಮುಂದಿನವರು ಕೆಳಗಿಳಿದಾಗ ಭಾರವೆಲ್ಲ ಒಮ್ಮೆಗೇ ನನ್ನ ಒಂದು ಕಡೆಗೆ ಜಗ್ಗಿತು. ಪರ್ರ್ ಎಂಬ ಸದ್ದು! ಎಲ್ಲರೂ ಕಲ್ಲಾದರು. ಶಶಿರೇಖಾ ಕೈಹಾಕಿ ತಡವಿದಳು. ಹರಿದದ್ದು ನಾನಲ್ಲ, ರಾಯರ ನೈಲಾನ್ ಪ್ಯಾಂಟು. ಮಳೆಯಲ್ಲೇ ನಗು ಎದ್ದಿತು. ಆದರೆ ಅದೇ ಗಳಿಗೆಯಲ್ಲಿ ನನ್ನ ನಡುಹೊಲಿಗೆಯ ಮೊದಲ ಸಾಲು ನಾಲ್ಕು ಕಡೆ ಕಿತ್ತುಬಂದದ್ದು ನನಗೊಬ್ಬನಿಗೇ ಗೊತ್ತು. ಎರಡನೆಯ ಸಾಲು ಹಿಡಿದುಕೊಂಡಿತು. ಸಿರಿಯಪ್ಪ ನಕ್ಕಿದ್ದನಲ್ಲ, ಆ ಸಾಲು.

ದೀಪ ಹಚ್ಚುವ ಹೊತ್ತಿಗೆ ಸುಬ್ಬೇಗೌಡನ ಅಂಗಳದಲ್ಲಿದ್ದೆವು. ಜೀಪು ಸಿದ್ಧವಿತ್ತು. ರಾಯರು ಬಿಸಿ ಕಾಫಿ ಹೀರಿ, ಮೊದಲು ಕೇಳಿದ್ದು ಒಂದೇ: "ಎಲ್ಲರೂ ಇಳಿದ್ರಾ?"

"ಹನ್ನೊಂದೂ ಇಳಿದ್ವು ಸಾರ್."

ಮುಂದಿನ ತಿಂಗಳ ಸಭೆಗೆ ರಾಯರು ಊರುಗೋಲಿನಲ್ಲಿ ಬಂದರು. ಬಂದವರೇ ನನ್ನನ್ನು ಕೇಳಿ ಪಡೆದು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದರು. "ಎರಡು ಕಿಲೋ ಆರುನೂರು," ಎಂದು ಓದಿದರು. ಶಶಿರೇಖಾಳ ಮುಖ ಬಾಡಿತು. ರಾಯರು ತಮ್ಮ ಪುಟ್ಟ ಪುಸ್ತಕ ತೆರೆದರು. "ಇನ್ನು ಮುಂದೆ ಪ್ರತಿ ಚಾರಣಕ್ಕೂ ಒಂದು ಕಂಬಳಿ ಹೋಗಬೇಕು. ಅದನ್ನ ತೂಕಕ್ಕೆ ಹಿಡಿಯಂಗಿಲ್ಲ." ಕೊರಳಿನಿಂದ ಸೀಟಿ ತೆಗೆದು ಅವಳ ಕೊರಳಿಗೆ ಹಾಕಿದರು. "ಯಾಕಂದ್ರೆ..." ಎಂದು ನಿಲ್ಲಿಸಿ, ಅವಳ ಕಡೆ ನೋಡಿದರು.

"ನಿಯಮ ಅಂದ್ರೆ ನಿಯಮ ಕಣ್ರೀ," ಎಂದಳು ಶಶಿರೇಖಾ. ರಾಯರು ಈ ಸಲ ನಕ್ಕರು.

ಸೀಟಿಯ ಜೊತೆ ಇನ್ನೂ ಏಳು ಬೆಟ್ಟ ಹತ್ತಿದೆ. ಆಮೇಲೆ ನುಸಿ ಹಿಡಿಯಿತು, ಅಂಚು ಸವೆಯಿತು. ಹೋದ ಬೇಸಿಗೆಯಲ್ಲಿ ಶಶಿರೇಖಾ ಅಪ್ಪನನ್ನು ವಿಳಾಸ ಕೇಳಿಕೊಂಡು, ಹೊಸ ಕಂಬಳಿ ಹೇಳಲು ನನ್ನನ್ನೂ ಎತ್ತಿಕೊಂಡು ಹಟ್ಟಿಗೆ ಹೋದಳು. ಸಿರಿಯಪ್ಪ ಇರಲಿಲ್ಲ, ತೀರಿಕೊಂಡು ಮೂರು ವರ್ಷವಂತೆ. ಮಗ ಪಕ್ಕದಲ್ಲೇ ಬೇರೆ ಮಗ್ಗ ಹೂಡಿಕೊಂಡಿದ್ದ. ಮೈಲಮ್ಮನಿಗೆ ಕಣ್ಣು ಮಂಜಾಗಿತ್ತು. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನಡುಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಇದು ನಂದೇ. ಮೊದಲನೇ ಸಾಲು ಕಿತ್ತೈತೆ. ಏನು ಹೊತ್ರಿ ಇದ್ರಾಗೆ? ಎಮ್ಮೆನಾ?"

"ಮನುಷ್ಯರನ್ನ ಅವ್ವ. ಬೆಟ್ಟದ ಮೇಲಿಂದ ಕೆಳಗೆ ತಂದ್ವಿ."

"ಬದುಕಿದ್ರಾ?"

"ಬದುಕಿದ್ರು. ಈಗ್ಲೂ ಚೀಲ ತೂಗ್ತಾರೆ."

ಮೈಲಮ್ಮ ಖಾಲಿ ಗುಣಿಯ ಕಡೆ, ಗಂಡ ಕೂತಿರುತ್ತಿದ್ದ ಕಡೆ ತಿರುಗಿ, "ಕೇಳಿಸ್ತಾ?" ಎಂದಳು.

ಈಗ ನಾನು ಬಳಗದ ಕೋಣೆಯ ಮೂಲೆಯಲ್ಲಿ ಗೂಟಕ್ಕೆ ನೇತುಬಿದ್ದಿದ್ದೇನೆ. ಇಸ್ತ್ರಿ ಮೇಜು ಈ ಕೋಣೆಯಲ್ಲಿಲ್ಲ, ನೋಡಿಕೊಂಡಿದ್ದೇನೆ. ಬೆಟ್ಟ ಹತ್ತಿದ್ದು ಹದಿನೇಳಾದರೂ ನನ್ನ ಹೆಮ್ಮೆಯೆಲ್ಲ ಒಂದನ್ನು ಇಳಿದ ಬಗೆಗೆ. ನಿನ್ನೆ ಹಟ್ಟಿಯಿಂದ ಹೊಸ ಕಂಬಳಿ ಬಂತು. ಗಂಜಿಯ ಗತ್ತಿನಲ್ಲಿ ಬಾಗಿಲಿನ ಹಾಗೆ ನೆಟ್ಟಗೆ ನಿಂತು, ನನ್ನ ತೂತುಗಳನ್ನು ಎಣಿಸುತ್ತಿತ್ತು. ನಾನು ಅದರ ನಡುಹೊಲಿಗೆ ನೋಡಿದೆ. ಎರಡು ಸಾಲು ಇತ್ತು.

ಹೋಗಿ ಬಾ ಮರಿ, ಎಂದೆ.