ಕೊನೆಯ ಚಿತ್ರದ ಮೇಲೆ ಅಂಟಿದ ಚೀಟಿ

ನಾನು ಒಂದು ಮಾಂಗಾ. ಹಾಗೆಂದರೆ ಚಿತ್ರಗಳಲ್ಲೇ ಕಥೆ ಹೇಳುವ ಜಪಾನಿನ ಪುಸ್ತಕ. ಇಂಗ್ಲಿಷಿಗೆ ಬಂದರೂ ನಮ್ಮನ್ನು ಬಲದಿಂದ ಎಡಕ್ಕೇ ಓದಬೇಕು. ನಿಮ್ಮ ಪುಸ್ತಕಗಳು ಎಲ್ಲಿ ಮುಗಿಯುತ್ತವೋ ನಾನು ಅಲ್ಲಿ ಶುರುವಾಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಬಾಳಿನ ಫಜೀತಿಯೆಲ್ಲ ಅದರಿಂದಲೇ ಆಯಿತು.

ನಮ್ಮ ಕುಲದಲ್ಲಿ ಸಾಮಾನ್ಯವಾಗಿ ಪುಸ್ತಕ ಮೊದಲು ಹುಟ್ಟುತ್ತದೆ, ಅದನ್ನು ಓದಿ ಸಿನಿಮಾ ಮಾಡುತ್ತಾರೆ. ನನ್ನದು ಉಲ್ಟಾ. 'ಮಿನಾಸೆ ದ್ವೀಪ' ಎಂಬ ಅನಿಮೆ ಸಿನಿಮಾ, ಅಂದರೆ ಬರೆದ ಚಿತ್ರಗಳೇ ಓಡಾಡುವ ಸಿನಿಮಾ, ಮೊದಲು ಬಂದು ಊರೂರಿನವರ ಮನಸ್ಸು ಗೆದ್ದಿತ್ತು. ನಾನು ಹಿಂದಿನಿಂದ ಬಂದವಳು. ಹೆಸರು ಮಾಡಿದ ಅಕ್ಕ ಓದಿದ ಶಾಲೆಗೇ ಸೇರುವ ತಂಗಿಯ ಪಾಡು ನಿಮಗೆ ಗೊತ್ತಿರಬಹುದು. ಮೇಷ್ಟರು ಹಾಜರಿ ಕೂಗುವಾಗಲೇ ಹೋಲಿಕೆ ಶುರು.

ಆ ಸಿನಿಮಾದಲ್ಲಿ ಒಬ್ಬ ತಾಯಿ ಸಣ್ಣ ಮಗನನ್ನು ದ್ವೀಪದಲ್ಲಿ ಅಜ್ಜನ ಬಳಿ ಬಿಟ್ಟು ದೋಣಿ ಹತ್ತುತ್ತಾಳೆ. ಹುಡುಗ ದಡದಲ್ಲಿ ನಿಂತಿರುತ್ತಾನೆ. ನಾವು ಅವನ ಹಿಂದೆ ನಿಂತು ನೋಡುತ್ತೇವೆ. ದೂರ ಹೋಗುವ ದೋಣಿಯಲ್ಲಿ ತಾಯಿಯ ಬೆನ್ನು ಮಾತ್ರ ಕಾಣುತ್ತದೆ. ಅಷ್ಟರಲ್ಲಿ ಮಂಜು ಕವಿದು ಸಿನಿಮಾ ಮುಗಿಯುತ್ತದೆ. ಅವಳು ಒಮ್ಮೆಯಾದರೂ ತಿರುಗಿ ನೋಡಿದಳೇ? ಅಭಿಮಾನಿಗಳು ಇದೊಂದು ಪ್ರಶ್ನೆಗೆ ವರ್ಷಗಟ್ಟಲೆ ಕಿತ್ತಾಡಿದರು. ನಾನು ಬರುತ್ತೇನೆಂಬ ಸುದ್ದಿ ಹೊರಟಿದ್ದೇ ತಡ, ಇದರಲ್ಲಾದರೂ ಅವಳ ಮುಖ ತೋರಿಸುತ್ತಾರೆ ಎಂದು ಎಲ್ಲರೂ ನಿರ್ಧರಿಸಿಬಿಟ್ಟರು. ಕಣ್ಣಲ್ಲಿ ನೀರಿರಬೇಕು ಎಂದರು ಕೆಲವರು. ಕೈ ಬೀಸಬೇಕು ಎಂದರು ಇನ್ನು ಕೆಲವರು. ಕಣ್ಣು ಬಿಡದ ಕೂಸಿಗೆ ಮದುವೆ ಗೊತ್ತುಮಾಡಿದ ಹಾಗೆ ಆಯಿತು ನನ್ನ ಕಥೆ.

ಅಚ್ಚಾಗಿ, ಹಡಗು ಹತ್ತಿ, ಲಾರಿ ಹತ್ತಿ, ಕಡೆಗೆ ಹುಬ್ಬಳ್ಳಿಯ ಒಂದು ಹಳೆಯ ವಾಚನಾಲಯಕ್ಕೆ ಬಂದೆ. ಅಲ್ಲಿ ಮೂವರು ಕಾಲೇಜು ಗೆಳೆಯರು ನನ್ನನ್ನು ತರಿಸಿಕೊಡಿ ಎಂದು ಗ್ರಂಥಪಾಲಕರ ಬೆನ್ನು ಬಿದ್ದಿದ್ದರು: ಇರ್ಷಾದ, ವೀರೇಶ, ಶಾಂಭವಿ. ಪುಸ್ತಕ ಕೈಗೆ ಬರುವವರೆಗೆ ಫೋನಿನಲ್ಲಿ ಅದರ ಒಂದು ಪುಟವನ್ನೂ ನೋಡಬಾರದು ಎಂದು ಮೂವರೂ ಆಣೆ ಹಾಕಿಕೊಂಡಿದ್ದರು.

ಗ್ರಂಥಪಾಲಕ ಹಿರೇಮಠರು ಶಿಸ್ತಿನ ಮನುಷ್ಯ. ಹೊಸ ಪುಸ್ತಕ ಬಂದರೆ ಎಡಗಡೆಯ ರಟ್ಟು ತೆರೆದು, ಮೊದಲ ಪುಟಕ್ಕೆ ಮೈದಾ ಅಂಟು ಬಳಿದು, ವಾಪಸು ಕೊಡುವ ದಿನ ಬರೆಯುವ ಚೀಟಿ ಹಚ್ಚುವುದು ಅವರ ಪದ್ಧತಿ. ನನಗೂ ಹಾಗೇ ಹಚ್ಚಿದರು. ಅಂಗೈಯಿಂದ ಒತ್ತಿ, ನೀಲಿ ಠಸ್ಸೆಯನ್ನೂ ಹೊಡೆದರು. ಊರೆಲ್ಲ ಕಾದು ಕೂತಿದ್ದ ನನ್ನ ಕೊನೆಯ ಚಿತ್ರ ಆ ಚೀಟಿಯ ಅಡಿಗೆ ಸೇರಿತು. ನನಗೆ ಕೂಗಲು ಬಾಯಿ ಎಲ್ಲಿತ್ತು?

ಮೂವರೂ ತಲೆ ತಲೆ ತಾಗಿಸಿ ನನ್ನನ್ನು ಓದಿದರು. ಕೊನೆಯ ಪುಟ ತಿರುವಿದಾಗ ಚೀಟಿ ಕಂಡಿತು.

"ಇದೇನ್ರಿ ಸರ್, ಕಡೀ ಚಿತ್ರದ ಮ್ಯಾಲೇ ಚೀಟಿ ಹಚ್ಚೀರಲ್ಲ!" ಎಂದಳು ಶಾಂಭವಿ.

"ಚೀಟಿ ಮೊದಲನೇ ಪುಟಕ್ಕ ಹಚ್ಚೂದು ತಂಗಿ" ಎಂದರು ಹಿರೇಮಠರು.

"ಇದರ ಮೊದಲನೇ ಪುಟ ಕಡೀಕ ಇರತೈತ್ರಿ."

"ಮೊದಲನೇ ಪುಟ ಕಡೀಕ ಇಡೋ ಮಂದೀನೂ ಅದಾರೇನು?" ಎಂದು ಅವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. ತಪ್ಪು ನನ್ನದೇ ಎಂಬಂತಿತ್ತು ಆ ನೋಟ.

ಇರ್ಷಾದ, ವೀರೇಶರಿಗೆ ತಾಳ್ಮೆ ಉಳಿಯಲಿಲ್ಲ. ಆಣೆಯನ್ನು ಗಾಳಿಗೆ ತೂರಿ ವರಾಂಡಕ್ಕೆ ಹೋಗಿ ಫೋನ್ ತೆಗೆದರು. ವಾಪಸು ಬಂದಾಗ ಇಬ್ಬರ ಮುಖವೂ ಸಪ್ಪಗಿತ್ತು.

"ಏನೂ ಇಲ್ಲ ಬಿಡ ಶಾಂಭವಿ" ಎಂದ ಇರ್ಷಾದ. "ಆಕಿ ಮುಖಾನ ತೋರ್ಸಿಲ್ಲ. ಬರೀ ಹುಡುಗ ನಿಂತಾನ. ಇಷ್ಟು ದಿನ ಕಾಯಿಸಿ ಮೋಸ ಮಾಡ್ಯಾರ."

ಅಲ್ಲೇ ಕೂತು ಇಬ್ಬರೂ ನನ್ನನ್ನು ತರಾಟೆಗೆ ತೆಗೆದುಕೊಂಡರು. ಸಿನಿಮಾದ ಹಾಡಿಲ್ಲ, ಬಣ್ಣವಿಲ್ಲ, ಉತ್ತರವೂ ಇಲ್ಲ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ? ಹುಟ್ಟುವ ಮೊದಲೇ ಅವರ ತಲೆಯಲ್ಲಿ ಬೇರೊಂದು ಪುಸ್ತಕ ತಯಾರಾಗಿದ್ದರೆ ಅದು ನನ್ನ ತಪ್ಪೇ?

ಶಾಂಭವಿ ಮಾತ್ರ ಕದಲಲಿಲ್ಲ. "ಚೀಟಿ ಬಿಡಿಸಿಕೊಡ್ರಿ ಸರ್" ಎಂದಳು.

"ಪುಟ ಹರಿದರ? ಗೆಳೆಯರು ಹೇಳಿದ್ರಲ್ಲ ಏನೂ ಇಲ್ಲ ಅಂತ. ಮತ್ತ್ಯಾಕ ಇಷ್ಟು ಹಟ?"

ಅವಳು ಉಗುರಿನಿಂದ ಮೇಜಿನ ಅಂಚು ಕೆರೆದಳು. "ನಮ್ಮವ್ವ ಮನಿ ಬಿಟ್ಟು ಹೋದಾಗ ನಾ ಸಣ್ಣಾಕಿ ಸರ್. ಅಜ್ಜಿ ಕೂಡ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅವ್ವ ಬಸ್ ಹತ್ತಿದ್ಲು. ತಿರುಗಿ ನೋಡಿದ್ಲೋ ಇಲ್ಲೋ ನನಗ ಕಾಣಲೇ ಇಲ್ಲ. ಈಗ ಗದಗಿನ್ಯಾಗ ಅದಾಳಂತ. ಒಮ್ಮೆ ಹೋಗಿ ಬರಬೇಕು ಅನ್ನಸ್ತೈತಿ. ಆದ್ರ ನೋಡದ ಹೋದಾಕಿ ಮನಿಗೆ ಯಾಕ ಹೋಗಲಿ?"

ಸಿನಿಮಾದ ಬಗ್ಗೆ ಅವಳಷ್ಟು ಜಗಳ ಆಡಿದವರು ಆ ಗುಂಪಿನಲ್ಲಿ ಇರಲಿಲ್ಲ. ಯಾಕೆಂದು ಗೆಳೆಯರಿಬ್ಬರಿಗೂ ಅವತ್ತೇ ತಿಳಿದದ್ದು.

ಹಿರೇಮಠರು ಕರವಸ್ತ್ರ ಒದ್ದೆ ಮಾಡಿ ಹಿಂಡಿ ತಂದರು. ಚೀಟಿಯ ಮೇಲೆ ಹಾಸಿ ಕಾದರು. ನನ್ನ ಕಾಗದ ಒರಟು, ಬೇಗ ನೆನೆಯುತ್ತದೆ. ಅವರು ಉಗುರಿನಿಂದ ಒಂದೊಂದೇ ಎಳೆ ಎಬ್ಬಿಸುವಾಗ ನನಗೆ ಜೀವ ಹೋದ ಹಾಗಾಯಿತು. ನೋವಿಗಲ್ಲ, ಆ ಹುಡುಗ ಚೀಟಿಯ ಜೊತೆ ಕಿತ್ತು ಹೋದಾನೆಂಬ ಭಯಕ್ಕೆ. ಮೇಲಿನ ಆಕಾಶ ಒಂದಿಷ್ಟು ಹೋಯಿತು. ಹುಡುಗ ಉಳಿದ.

ಶಾಂಭವಿ ಪುಟದ ಮೇಲೆ ಬಗ್ಗಿ ನೋಡಿದಳು.

"ನಾ ಹೇಳಿಲ್ಲೇನು, ಬರೀ ಹುಡುಗ" ಎಂದ ಇರ್ಷಾದ, ಈ ಸಲ ಮೆಲ್ಲಗೆ.

"ಸಿನಿಮಾದಾಗ ಹುಡುಗನ ಬೆನ್ನು ಕಾಣತಿತ್ತು. ಇಲ್ಲಿ ಮುಖ ಕಾಣತೈತಿ. ದೂರ ಉಳದು ಎಷ್ಟು ಸಣ್ಣಾವ ಆಗ್ಯಾನ ನೋಡು. ಮುಂದ ನೀರು ಐತಿ, ಇಲ್ಲಿ ಕೆಳಗ ದೋಣಿ ಅಂಚು ಐತಿ." ಅವಳು ಆ ಅಂಚಿನ ಮೇಲೆ ಬೆರಳಿಟ್ಟಳು. "ಇದು ದೋಣ್ಯಾಗ ನಿಂತಾಕಿಗೆ ಕಾಣೋ ಚಿತ್ರ. ಆಕಿ ನೋಡಾಕತ್ತಾಳ."

ಹಿರೇಮಠರು ಹೊಸ ಚೀಟಿಯನ್ನು ನನ್ನ ಬಲಗಡೆಯ ರಟ್ಟಿಗೆ ಹಚ್ಚಿ, ನನ್ನನ್ನು ಅವಳ ಕೈಗಿಟ್ಟರು. ಆ ಭಾನುವಾರ ಅವಳು ನನ್ನನ್ನು ಚೀಲದಲ್ಲಿ ಹಾಕಿಕೊಂಡು ಗದಗಿಗೆ ಹೋದಳು.

ಸಣ್ಣ ಮನೆ. ತಾಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಮಗಳನ್ನು ಕಂಡು ಕೈ ಹಾಗೇ ಹಿಟ್ಟಿನ ಮೇಲೆ ನಿಂತಿತು. ಶಾಂಭವಿ ನನ್ನನ್ನು ತೆಗೆದು ಕೊನೆಯ ಪುಟ ಮುಂದೆ ಹಿಡಿದಳು. ಯಾವ ಸಿನಿಮಾ, ಯಾವ ದ್ವೀಪ, ತಾಯಿಗೆ ಏನೂ ತಿಳಿಯದು. ಆದರೂ ಆ ಹುಡುಗನನ್ನು ಎವೆಯಿಕ್ಕದೆ ನೋಡಿದಳು.

"ಬಸ್ ಬಿಟ್ಟ ಮ್ಯಾಲೆ ನೀ ಬೆನ್ನತ್ತಿ ಓಡಿ ಬಂದಿ" ಎಂದಳು. "ಒಂದು ಚಪ್ಪಲಿ ಕಳಚಿ ಬಿತ್ತು. ನೀ ಅಲ್ಲೇ ಕುಂತಿ. ನಿಮ್ಮಜ್ಜಿ ಬಂದು ಎತ್ಕೊಂಡ್ರು."

ಶಾಂಭವಿಯ ಕಣ್ಣು ತುಂಬಿತು. ಒರೆಸಿಕೊಂಡು ಕೇಳಿದಳು, "ನೋಡಿದ್ದಿ ಅಂದ್ರ, ಯಾಕ ಇಳೀಲಿಲ್ಲ?"

ತಾಯಿ ಒಲೆಯ ಕಡೆ ತಿರುಗಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಉಂಡು ಹೋಗು" ಎಂದಳು. ಶಾಂಭವಿ ನನ್ನನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕೂತು ಉಂಡಳು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಈಗ ನನ್ನ ಹೊಲಿಗೆ ಬಿಚ್ಚಿದೆ, ಹಾಳೆಗಳು ಕಂದಿವೆ. ಹೊರಗೆ ಕೊಡಬಾರದ ಪುಸ್ತಕಗಳ ಕಪಾಟಿನಲ್ಲಿ ಒಂದು ಹಳೆಯ ನಿಘಂಟಿಗೆ ಒರಗಿಕೊಂಡಿದ್ದೇನೆ. ದೋಣಿ ಹತ್ತಿದ ತಾಯಿಯ ಮುಖ ಯಾಕೆ ತೋರಿಸಲಿಲ್ಲ ಎಂದು ಅಭಿಮಾನಿಗಳು ಇಂದಿಗೂ ನನ್ನನ್ನು ಬೈಯುತ್ತಾರಂತೆ. ಬೈಯಲಿ. ತಿರುಗಿ ನೋಡಿದಳೇ ಎಂದು ಕೇಳುವವರಿಗೆ ನನ್ನಲ್ಲಿ ಒಂದು ಚಿತ್ರವಿದೆ. ಯಾಕೆ ಇಳಿಯಲಿಲ್ಲ ಎಂದು ಕೇಳಿದವಳು ಶಾಂಭವಿಯೊಬ್ಬಳೇ. ಅದಕ್ಕೆ ನನ್ನ ಯಾವ ಪುಟದಲ್ಲೂ ಚಿತ್ರವಿಲ್ಲ.