ಗೆದ್ದವರ ಕೈಯ ಟೀ

"ಬಾಯಿ ಬಿಡಿ ಡಾಕ್ಟ್ರೇ," ಎಂದರು ಅಧ್ಯಕ್ಷರು, ಮೂರನೇ ಸಲ.

ಮೂವತ್ತೈದು ವರ್ಷ ಇದೇ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ ಹೊಟ್ಟೆ ಹೊರೆದವರು ಈ ಹಲ್ಲಿನ ಡಾಕ್ಟರು. ಇವತ್ತು ಅವರ ಬಾಯಿಗೇ ಬೀಗ ಬಿದ್ದಿತ್ತು. ರೇಸ್ ಕಮಿಟಿಯ ಮೂವರು ಉದ್ದ ಮೇಜಿನ ಆಚೆ ಕೂತಿದ್ದರು, ಇವರೊಬ್ಬರೇ ಈಚೆ. ಅಧ್ಯಕ್ಷರ ಮೇಲಿನ ಸಾಲಿನ ಒಂದು ಹಲ್ಲು ಅಲ್ಲಾಡುವ ಹಾಗಿತ್ತು. ಇಂಥ ಹೊತ್ತಿನಲ್ಲೂ ಡಾಕ್ಟರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹಳೇ ಚಾಳಿ.

ಮೇಜಿನ ಮೇಲೆ ಆರು ಹಳದಿ ಚೀಟಿಗಳಿದ್ದವು. ಆ ರೇಸ್ ಮೈದಾನದಲ್ಲಿ ಎರಡು ಥರದ ಚೀಟಿ ಮಾರುತ್ತಾರೆ. ನೀವು ಹೇಳಿದ ಕುದುರೆ ಗೆಲ್ಲುತ್ತದೆ ಅನ್ನುವುದಾದರೆ ಹಸಿರು, ಗೆಲ್ಲುವುದಿಲ್ಲ ಅನ್ನುವುದಾದರೆ ಹಳದಿ. ಈ ಆರೂ ಚೀಟಿ ಪುಟ್ಟಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆಯ ವಿರುದ್ಧ ಕೊಂಡವು. ಕೊಂಡವರು ಡಾಕ್ಟರು. ಪುಟ್ಟಿಯ ಮಾಲೀಕರೂ ಅವರೇ.

"ನೂರು ಕೊಟ್ಟರೆ ಸಿಗೋ ಚೀಟಿ ಇದು. ಇಷ್ಟಕ್ಕೆ ಯಾರು ಮೋಸ ಮಾಡ್ತಾರೆ?" ಎಂದರು ಕಮಿಟಿಯ ಕಿರಿಯ ಸದಸ್ಯೆ. "ಮೇವು, ಔಷಧಿ, ಲಾಯದ ಬಾಡಿಗೆ ಎಲ್ಲ ಅವರದ್ದೇ. ಸೋತಾಗ ಒಂದಿಷ್ಟು ವಾಪಸ್ ಬಂದ್ರೆ ಯಾರ ಗಂಟು ಹೋಗುತ್ತೆ?"

"ದುಡ್ಡಿನ ಮಾತಲ್ಲಮ್ಮ," ಎಂದರು ಅಧ್ಯಕ್ಷರು. "ಕುದುರೆ ಇವರ ಕೈಯಲ್ಲಿದೆ. ಇವರ ಮನಸ್ಸೇ ಅದು ಸೋಲ್ಲಿ ಅಂತಿದ್ರೆ, ಅದನ್ನ ನಂಬಿ ಹಸಿರು ಕೊಂಡವರ ಗತಿ ಏನು?"

ಮೂರನೆಯ ಸದಸ್ಯರು ಎಲ್ಲ ಸಭೆಯಲ್ಲಿ ಮಾಡುವ ಹಾಗೆ ಗಡಿಯಾರ ನೋಡಿದರು.

ಬಾಗಿಲ ಬಳಿ ನಿಂತಿದ್ದ ಮಾತಿನಮಲ್ಲನನ್ನು ಒಳಗೆ ಕರೆದರು. ಪುಟ್ಟಿಯ ಮೈ ತಿಕ್ಕಿ, ಮೇವು ಹಾಕಿ, ಆರು ವರ್ಷದಿಂದ ನೋಡಿಕೊಂಡವನು ಅವನು. ಕುದುರೆಯ ಹತ್ತಿರವೂ ಬಿಡುವಿಲ್ಲದೆ ಮಾತಾಡುತ್ತಿದ್ದದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

"ಓಟದ ದಿನ ಕುದುರೆಗೆ ಏನಾದ್ರೂ ಕೊಡು ಅಂತ, ಕೊಡಬೇಡ ಅಂತ ಡಾಕ್ಟರು ಹೇಳಿದ್ರಾ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ಲ ಸ್ವಾಮಿ. ಅದಕ್ಕೆ ಕಾಲು ಬರ್ತಿಲ್ಲ ಅಷ್ಟೆ. ಅಮ್ಮಾವ್ರು ತೀರ್ಕೊಂಡಾಗಿಂದ ಅದರ ಮೈಯಲ್ಲಿ ಹುರುಪಿಲ್ಲ." ಆಮೇಲೆ ಅವನ ಕಣ್ಣು ಹಳದಿ ಚೀಟಿಗಳ ಮೇಲೆ ಬಿತ್ತು. ಅವನಿಗೆ ಆವರೆಗೆ ವಿಷಯ ಗೊತ್ತಿರಲಿಲ್ಲ. "ಡಾಕ್ಟ್ರೇ, ನಮ್ ಪುಟ್ಟಿ ಸೋಲ್ಲಿ ಅಂತ ಕಟ್ಟಿದ್ರಾ?"

ಡಾಕ್ಟರು ತಲೆ ತಗ್ಗಿಸಿದರು. ಕಮಿಟಿ ಅವರನ್ನು ದಂಡ ಹಾಕದೆ ಬಿಟ್ಟಿತು. ಆದರೆ ಆವತ್ತಿನಿಂದ ಯಾವ ಮಾಲೀಕರೂ ತಮ್ಮ ಕುದುರೆಯ ವಿರುದ್ಧ ಹಳದಿ ಕೊಳ್ಳಕೂಡದು ಎಂದು ಬರೆದುಕೊಂಡಿತು. ಹೊರಗೆ ಬಂದಾಗ ಮಾತಿನಮಲ್ಲ ಆಗಲೇ ಮೆಟ್ಟಿಲಿಳಿದು ಹೋಗಿದ್ದ.

ವಾರವಿಡೀ ಅವನು ಮಾತಾಡಲಿಲ್ಲ. ಡಾಕ್ಟರು ದಿನಾ ಬೆಳಿಗ್ಗೆ ಲಾಯಕ್ಕೆ ಹೋಗಿ ನಿಲ್ಲುವರು. ಅವನು ಗೊರಸಿನ ಮಣ್ಣು ಕೆರೆಯುವನು, ಬಕೆಟ್ಟು ತುಂಬುವನು, ಇವರ ಪಕ್ಕದಲ್ಲೇ ಕಂಬವೊಂದನ್ನು ದಾಟುವ ಹಾಗೆ ದಾಟುವನು. ಮನೆಯಲ್ಲಂತೂ ಮಾತಾಡುವವರೇ ಇರಲಿಲ್ಲ. ದಿನಕ್ಕೊಂದಿಷ್ಟು ಮಾತು ಕಿವಿಗೆ ಬೀಳುತ್ತಿದ್ದದ್ದು ಇಲ್ಲಿ ಮಾತ್ರ. ಅದೂ ನಿಂತಿತು. ಏಳನೇ ದಿನ ಡಾಕ್ಟರು ಬಕೆಟ್ಟು ಮಗುಚಿ ಅದರ ಮೇಲೆ ಕೂತರು.

"ನಂದೂ ನಿಮ್ಮ ಅಮ್ಮಾವ್ರದ್ದೂ ಒಂದು ಆಟ ಇತ್ತಪ್ಪ."

ಅವನು ಕೆಲಸ ನಿಲ್ಲಿಸಲಿಲ್ಲ. ಆದರೆ ಬ್ರಶ್ಶಿನ ಸದ್ದು ಸಣ್ಣದಾಯಿತು.

ಕುದುರೆ ಡಾಕ್ಟರ ಹೆಂಡತಿಯದ್ದು. ಪ್ರತಿ ಓಟಕ್ಕೂ ಆಕೆ ಹಸಿರು ಕೊಳ್ಳುವಳು, ಗಂಡ ಹಳದಿ. 'ಜೀವಮಾನವಿಡೀ ಹುಳುಕು ಹುಡುಕಿದವರು, ನಿಮಗೆ ಇನ್ನೇನು ಹೊಳೆಯುತ್ತೆ?' ಎಂದು ಆಕೆ ರೇಗಿಸುವಳು. ಮೇಲಿನ ಸಾಲಿನ ಕೊನೆಯ ಎರಡು ಕುರ್ಚಿಗಳು, ಒಂದು ಫ್ಲಾಸ್ಕು, ಎರಡು ಲೋಟ. ಓಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಟೀ ಬಗ್ಗಿಸಿ ಕೊಡಬೇಕು. ಸೋತವರು ಫ್ಲಾಸ್ಕು ಮುಟ್ಟುವ ಹಾಗಿಲ್ಲ. ಸೋತವರಿಗೇ ಉಪಚಾರ ಬೇಕಾಗುವುದು ಎಂದು ಆಕೆಯೇ ಮಾಡಿದ ನಿಯಮ. ಎಂಟು ತಿಂಗಳ ಹಿಂದೆ ಆಕೆ ಹೋದಳು, ಕುದುರೆಯ ಕಾಗದ ಗಂಡನ ಹೆಸರಿಗೆ ಬಂತು. ಆಮೇಲಿನ ಆರು ಓಟಕ್ಕೂ ಅವರು ಎಂದಿನಂತೆ ಹಳದಿ ಕೊಂಡರು. ಆರರಲ್ಲೂ ಪುಟ್ಟಿ ಸೋತಿತು. ಅವರು ಪಕ್ಕದ ಲೋಟಕ್ಕೆ ಟೀ ಬಗ್ಗಿಸಿದರು.

"ಟೀ ಆರೋವರೆಗೂ ಕೂತಿರ್ತಿದ್ದೆ. ಆಮೇಲೆ ಎರಡನ್ನೂ ನಾನೇ ಕುಡೀತಿದ್ದೆ," ಎಂದರು ಡಾಕ್ಟರು. "ಕಮಿಟಿ ಮುಂದೆ ಇದನ್ನ ಹೇಳಿದ್ರೆ ನಗ್ತಿದ್ರು."

"ಹಂಗಾದ್ರೆ ಪುಟ್ಟಿ ಸೋಲ್ಲಿ ಅಂತ ಮನಸಲ್ಲಿ ಇರ್ಲಿಲ್ಲ, ಅಲ್ವಾ?"

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಡಾಕ್ಟರು ಕುದುರೆಯ ಮುಖ ನೋಡಿದರು.

"ಇತ್ತು ಕಣಪ್ಪ. ಆರು ಸಲವೂ ಇತ್ತು. ಅದು ಸೋತ್ರೆ ನಾನು ಅವಳಿಗೆ ಟೀ ಕೊಡಬಹುದಿತ್ತು. ಗೆದ್ದುಬಿಟ್ರೆ ಕೊಡಬೇಕಾದವಳು ಅವಳು."

ಮಾತಿನಮಲ್ಲ ಬ್ರಶ್ಶು ಕೆಳಗಿಟ್ಟ. ಸುಮಾರು ಹೊತ್ತು ಪುಟ್ಟಿಯ ಕುತ್ತಿಗೆಯನ್ನೇ ನೀವಿದ.

"ನಿಮ್ ಚೀಟಿ ನೀವು ಕೊಂಡ್ರಿ ಸರಿ. ಅಮ್ಮಾವ್ರ ಚೀಟಿ ಯಾರು ಕೊಂಡ್ರು?"

ಡಾಕ್ಟರು ಬಕೆಟ್ಟಿನಿಂದ ಎದ್ದರು.

"ಎಂಟು ತಿಂಗಳಿಂದ ನಿಮ್ಮನೇಲಿ ಇದು ಗೆಲ್ಲುತ್ತೆ ಅನ್ನೋರು ಒಬ್ರೂ ಇಲ್ಲ. ಅದಕ್ಕೂ ಗೊತ್ತಾಗುತ್ತೆ ಡಾಕ್ಟ್ರೇ, ಮೂಕಪ್ರಾಣಿ ಆದ್ರೇನು," ಎಂದ ಅವನು.

ಅದಕ್ಕೆ ಗೊತ್ತಾಗುತ್ತದೋ ಇಲ್ಲವೋ, ಡಾಕ್ಟರಿಗಂತೂ ಆ ಮಾತು ನಾಟಿತು. ಭಾನುವಾರ ಮಧ್ಯಾಹ್ನ ಅವರು ಹಸಿರು ಚೀಟಿಯ ಸಾಲಿನಲ್ಲಿ ನಿಂತರು. ಆ ಸಾಲಿನಲ್ಲಿ ಅವರು ಎಂದೂ ನಿಂತವರಲ್ಲ. ಕಿಟಕಿಯಾಚೆ ಇದ್ದವಳು ಅವರನ್ನು ಗುರುತು ಹಿಡಿದು ಹುಬ್ಬೇರಿಸಿದಳು.

"ಪುಟ್ಟಿ. ಒಂದೇ ಚೀಟಿ," ಎಂದರು.

ಮೇಲಿನ ಸಾಲಿನ ಕೊನೆಗೆ ಹೋಗಿ ಕೂತು, ನಡುವೆ ಫ್ಲಾಸ್ಕಿಟ್ಟು, ಎರಡೂ ಲೋಟ ಹೊರಗೆ ತೆಗೆದರು. ಹಸಿರು ಚೀಟಿಯನ್ನು ಪಕ್ಕದ ಕುರ್ಚಿಯ ಲೋಟದ ಕೆಳಗೆ ಸಿಕ್ಕಿಸಿದರು.

ಮೊದಲ ತಿರುವಿನಲ್ಲಿ ಪುಟ್ಟಿ ಐದನೆಯದು. ಎರಡನೆಯ ತಿರುವಿನಲ್ಲೂ ಐದನೆಯದೇ. ಸರಿ, ಎಂದಿನ ಕಥೆ, ಎಂದುಕೊಂಡು ಡಾಕ್ಟರು ಅಭ್ಯಾಸಬಲದಿಂದ ಫ್ಲಾಸ್ಕಿನ ಕಡೆ ಕೈ ಚಾಚಿದರು. ಆಗ ಬೇಲಿಯ ಪಕ್ಕ ಜಾಗ ತೆರೆಯಿತು. ಪುಟ್ಟಿ ಒಳಗೆ ನುಗ್ಗಿತು. ನಾಲ್ಕು, ಮೂರು. ಡಾಕ್ಟರು ಯಾವಾಗ ಎದ್ದು ನಿಂತರೋ ಅವರಿಗೇ ತಿಳಿಯದು. "ಬಾರೇ! ಬಾರೇ ಪುಟ್ಟಿ!" ಎಂದು ಕೂಗುತ್ತಿದ್ದರು, ಹೆಂಡತಿ ಕೂಗುತ್ತಿದ್ದ ಹಾಗೆಯೇ. ದನಿ ಒಡೆದುಹೋಯಿತು. ಗೆಲುವಿನ ಗೆರೆ ದಾಟುವಾಗ ಪುಟ್ಟಿ ಎಲ್ಲಕ್ಕಿಂತ ಅರ್ಧ ಕತ್ತಿನಷ್ಟು ಮುಂದಿತ್ತು. ಅವರಿಗೆ ಹೇಳತೀರದಷ್ಟು ಖುಷಿಯಾಯಿತು. ನಗುತ್ತಲೇ ಎಡಕ್ಕೆ, ಪಕ್ಕದ ಕುರ್ಚಿಯತ್ತ ತಿರುಗಿದರು.

ಕೆಳಗೆ ಮಾತಿನಮಲ್ಲ ಕುದುರೆಯ ಲಗಾಮು ಹಿಡಿದು ಕುಣಿಯುತ್ತಾ, ಇಳಿದು ಬನ್ನಿ ಎಂದು ಕೈ ಬೀಸುತ್ತಿದ್ದ. ಡಾಕ್ಟರೂ ಕೈ ಬೀಸಿದರು. ಆದರೆ ಇಳಿಯಲಿಲ್ಲ. ಕೂತು, ತಮ್ಮ ಲೋಟವನ್ನು ಪಕ್ಕದ ಕುರ್ಚಿಯ ಹತ್ತಿರಕ್ಕೆ ಸರಿಸಿದರು.

ಜನ ಕರಗಿದರು. ಗುಡಿಸುವವಳು ಕೆಳಗಿನ ಸಾಲಿನಿಂದ ಹರಿದ ಚೀಟಿಗಳನ್ನು ಗುಡ್ಡೆ ಮಾಡುತ್ತಾ ಒಂದೊಂದೇ ಸಾಲು ಹತ್ತಿ ಬಂದಳು.

"ಟೀ ತಂದು ಕುಡೀದೇ ಕೂತಿದೀರಲ್ಲ ಯಜಮಾನ್ರೇ. ಆರೋಗಲ್ವಾ?"

"ಇವತ್ತು ನಾನು ಬಗ್ಗಿಸೋ ಹಾಗಿಲ್ಲಮ್ಮ," ಎಂದರು ಡಾಕ್ಟರು.

ಅವಳು ಅತ್ತಿತ್ತ ನೋಡಿದಳು. ಯಾರೋ ಬರುವವರಿದ್ದಾರೆ ಎಂದುಕೊಂಡು, ಆ ಎರಡು ಕುರ್ಚಿಗಳನ್ನು ಬಿಟ್ಟು ಉಳಿದದ್ದನ್ನು ಗುಡಿಸಿ ಹೋದಳು.

ಗೇಟು ಹಾಕುವ ಗಂಟೆ ಹೊಡೆಯಿತು. ಡಾಕ್ಟರು ಹನಿಯೂ ಬೀಳದ ಲೋಟಗಳೆರಡನ್ನೂ ಚೀಲಕ್ಕೆ ಹಾಕಿಕೊಂಡು ಫ್ಲಾಸ್ಕು ಎತ್ತಿದರು. ಬರುವಾಗ ಇದ್ದಷ್ಟೇ ಭಾರವಿತ್ತು.