ಹೊಟ್ಟೇಲಿ ಕಲ್ಲು ಕಟ್ಕೊಂಡ ಗೀಸರ್

ನಾನೊಂದು ಗೀಸರ್ರು. ಫ್ಯಾಕ್ಟ್ರಿಯಿಂದ ಹೊರಗೆ ಬಂದ ದಿನ ನನ್ನ ಬಿಳಿ ಮೈ ನೋಡಿ ಸೂರ್ಯನೇ ಕಣ್ಣು ಮುಚ್ಕೊಂಡ. ಸುಳ್ಳಾದ್ರೆ ನನ್ನ ಪ್ಲಗ್ ಕಿತ್ತಾಕಿ.

ಮೊದ್ಲು ಮೈಸೂರಲ್ಲಿ ಒಬ್ಬ ಮೇಷ್ಟ್ರ ಮನೇಲಿದ್ದೆ. ಹೊಳೆ ನೀರು, ಹಾಲಿನಂಗೆ ಗಂಟ್ಲಲ್ಲಿ ಇಳೀತಿತ್ತು. ಮೇಷ್ಟ್ರಿಗೆ ವರ್ಗ ಆಯ್ತು, ನನ್ನನ್ನ ಹಿರಿಯೂರಿನ ತಿಪ್ಪಮ್ಮಂಗೆ ಕೊಟ್ಟೋದ್ರು.

ತಿಪ್ಪಮ್ಮನ ಮನೇದು ಬೋರ್ ನೀರು. ಅಬ್ಬಾ, ಅದು ನೀರಲ್ಲ, ಕರಗಿದ ಬಂಡೆ! ಬೆಳಿಗ್ಗೆ ಒಲೆ ಮೇಲಿಟ್ಟ ಬೇಳೆ ಸಂಜೆಗೂ "ಇನ್ನೊಂಚೂರು ತಡೀರಿ" ಅಂತಿತ್ತು. ನನ್ನ ಹೊಟ್ಟೇಲಿ ಸುಣ್ಣದ ಕಲ್ಲು ಪದರ ಪದರವಾಗಿ ಕೂತ್ಕೊಳ್ತು. ಕಾದಾಗೆಲ್ಲ ಒಳಗೆ ಗುಡುಗುಡು.

ಆಗ್ಲೇ ತಿಪ್ಪಮ್ಮನ ಮಗಳು ಪವಿತ್ರಾ ಕೂಸು ಹೆತ್ತು ಬಾಣಂತನಕ್ಕೆ ಬಂದ್ಲು. ಬಾಣಂತಿ ನೀರು ಅಂದ್ರೆ ಗೊತ್ತಲ್ಲ, ಮೈ ಕೆಂಪಾಗೋವರೆಗೂ ಎರೀಬೇಕು. ಆಮೇಲೆ ತಿಪ್ಪಮ್ಮ ಕೂಸನ್ನ ಕಾಲ ಮೇಲೆ ಮಲಗಿಸ್ಕೊಂಡು ಸರಿಯಾಗಿ ನನ್ನ ಕೆಳಗೇ ಕೂರ್ತಿದ್ಲು. ಮೇಲಿಂದ ಆ ಮೆತ್ತನೆ ನೆತ್ತಿ ಕಾಣ್ತಿತ್ತು. ನನ್ನ ಜೀವ ನಡುಗ್ತಿತ್ತು. ಯಾಕಂದ್ರೆ ಒಳಗಿನ ಒತ್ತಡ ಹೊರಗೆ ಬಿಡೋ ನನ್ನ ವಾಲ್ವು ಕಲ್ಲು ಕಟ್ಟಿ ಅರ್ಧ ಮುಚ್ಚೋಗಿತ್ತು. ಪೂರ್ತಿ ಮುಚ್ಚಿದ್ರೆ ನಾನು ಸಿಡಿಯೋದೇ. ಕೂಗಿ ಹೇಳೋಣ ಅಂದ್ರೆ ನನಗಿರೋ ಮಾತು ಒಂದೇ: ಗುಡುಗುಡು.

"ಅದ್ರೊಳಗೆ ಏನೋ ಸೇರ್ಕಂಡೈತೆ ಕಣೇ," ಅಂದ್ಲು ತಿಪ್ಪಮ್ಮ.

"ಸುಣ್ಣ ಸೇರ್ಕಂಡೈತೆ ಅಮ್ಮ, ದೆವ್ವ ಅಲ್ಲ," ಅಂತ ಪವಿತ್ರಾ ಪ್ಲಂಬರ್ ದಸ್ತಗೀರನ್ನ ಕರೆಸಿದ್ಲು.

ದಸ್ತಗೀರ್ ನೀರಿನ ಗಡಸು ತೆಗೆಯೋ ಸಾಫ್ಟ್‌ನರ್ ತಂದು ನಿಲ್ಲಿಸ್ದ. ಆ ಸಾಫ್ಟ್‌ನರ್ರು ಪೈಲ್ವಾನನಂಥ ಆಳು, ಪಕ್ಕದಲ್ಲೊಂದು ಉಪ್ಪಿನ ಡ್ರಮ್ಮು.

"ಇದಕ್ಕೆ ಉಪ್ಪೇ ಊಟ. ಖಾಲಿ ಆಯ್ತೋ, ಗಡಸು ನೀರು ಹಂಗೇ ನುಗ್ಗುತ್ತೆ. ಗೀಸರಿನ ಹಳೇ ಕಲ್ಲು ತೆಗೆಯಾಕೆ ಬಿಚ್ಚಬೇಕಮ್ಮ."

"ಅಲ್ಲೀಗಂಟ ಬಾಣಂತೀಗೆ ತಣ್ಣೀರು ಎರೀಲೇನೋ? ಬಾಣಂತನ ಮುಗೀಲಿ, ಹೋಗು!" ಅಂತ ಗದರಿದ್ಲು ತಿಪ್ಪಮ್ಮ.

ಹಳೇ ಕಲ್ಲು ಒಳಗೇ ಉಳೀತು, ಗುಡುಗುಡೂನೂ ಉಳೀತು. ತಿಪ್ಪಮ್ಮ ಏನ್ಮಾಡಿದ್ಲು ಗೊತ್ತಾ? ಸಂಜೆಯಾದ್ರೆ ಸಾಕು, ಅದೇ ಡ್ರಮ್ಮಿಂದ ಬೊಗಸೆ ಉಪ್ಪು ತೆಗೆದು, "ಹೋದೋರ ಕಣ್ಣು, ಬಂದೋರ ಕಣ್ಣು" ಅಂತ ನನಗೆ ನಿವಾಳಿಸಿ ಮೋರಿಗೆ ಸುರಿಯೋಳು. ಅಯ್ಯೋ ತಾಯಿ, ಅದು ನನ್ನ ಔಷಧಿ ಕಣೇ ಅಂತ ಕಿರುಚಿದೆ. ಗುಡುಗುಡು! ಅವಳು ಹೆದರಿ ಇನ್ನೊಂದು ಬೊಗಸೆ ತಂದ್ಲು. ಡ್ರಮ್ಮಿನ ತಳ ಕಾಣ್ತು. ಪೈಲ್ವಾನ ಉಪವಾಸ ಬಿದ್ದ. ಬಂಡೆ ನೀರು ಮತ್ತೆ ನುಗ್ತು.

ಒಂದು ಬೆಳಿಗ್ಗೆ ವಾಲ್ವು ಪೂರ್ತಿ ಮುಚ್ಕೊಳ್ತು. ಕೆಳಗೆ ಕೂಸು ಕೈಕಾಲು ಆಡಿಸ್ತಿತ್ತು. ನನ್ನ ಹೊಟ್ಟೆ ಉಬ್ತು, ಬೆಸುಗೆ ಕಿರ್ ಅಂತು. ಇನ್ನು ತಡೆಯೋಕಾಗಲ್ಲ ಅಂದಾಗ ನೀರು ಕಾಯಿಸೋ ನನ್ನ ಕಾಯಿಲನ್ನ ನಾನೇ ಕಚ್ಚಿ ಮುರಿದೆ. ಟಪ್! ಕಾವು ನಿಂತೋಯ್ತು. ಕಾಯಿಲ್ ತಾನಾಗೇ ಸುಟ್ಟೋಯ್ತು ಅಂತ ರಿಪೇರಿಗೆ ಬಂದ ದಸ್ತಗೀರ್ ಹೇಳ್ದ. ಅವನೇನು ಒಳಗಿದ್ನಾ?

ಬಿಚ್ಚಿದ್ರೆ ಮಂಕರಿ ತುಂಬ ಕಲ್ಲು. ತಿಪ್ಪಮ್ಮ ಮುಚ್ಚೋದ ವಾಲ್ವು ನೋಡಿದ್ಲು, ಕೂಸು ನೋಡಿದ್ಲು.

"ಡ್ರಮ್ಮಿನ ಉಪ್ಪೆಲ್ಲ ಎಲ್ಲೋಯ್ತಮ್ಮ?" ಅಂದ ದಸ್ತಗೀರ್.

ತಿಪ್ಪಮ್ಮ ಕೈ ಸೆರಗಿಗೆ ಒರೆಸ್ಕೊಂಡ್ಲು.

ಈಗ ನನ್ನ ತಲೆ ಕುಯ್ದು, ಮುಚ್ಚಳ ಹಾಕಿ, ಮೂಲೇಲಿ ನಿಲ್ಲಿಸಿದ್ದಾರೆ. ಪೈಲ್ವಾನನ ಉಪ್ಪು ತುಂಬಿಡೋದು ನನ್ನೊಳಗೇ. ಕೂಸು ನನ್ನ ಅಂಚು ಹಿಡ್ಕೊಂಡು ನಿಲ್ಲೋಕೆ ಕಲೀತಿದೆ. ಮೇಲಿರೋ ಹೊಸ ಗೀಸರ್ ಕಾಯೋವಾಗ ಗುಳ್ ಅಂದ್ರೂ ನನ್ನೆದೆ ಝಲ್ಲಂತದೆ. ತಿಪ್ಪಮ್ಮಂದೂ ಅಷ್ಟೇ. ಓಡಿ ಬಂದು ನನ್ನೊಳಗಿಂದ ಬೊಗಸೆ ಉಪ್ಪು ಎತ್ತುತಾಳೆ. ನಿವಾಳಿಸೋಕೆ ಕೈ ಮೇಲೇಳುತ್ತೆ, ಗಾಳೀಲೇ ನಿಲ್ಲುತ್ತೆ. ಆಮೇಲೆ ಸೀದಾ ಪೈಲ್ವಾನನ ಡ್ರಮ್ಮಿಗೆ ಸುರೀತಾಳೆ.

ಅಂಗೈಗೆ ಅಂಟಿದ ನಾಕು ಹರಳು ಮಾತ್ರ ಕೂಸಿಗೆ ನಿವಾಳಿಸ್ತಾಳೆ. ಅದಕ್ಕೆ ನನ್ನದೇನೂ ತಕರಾರಿಲ್ಲ.